ಅರ್ಧಕ್ಕೆ ನಿಲ್ಲಿಸಿದ ಮೆಸೇಜು

"ಇಲ್ಲಿ ಹಾಡು ಕೇಳೋಕೆ ಬಂದಿದ್ದೀಯಾ, ಇಲ್ಲಾ ಓದೋಕಾ?"

ಎಸ್ಕಿಲ್‌ನ ಮಾತಿಗೆ ಗುಂಪಿನವರೆಲ್ಲ ತಿರುಗಿ ನೋಡಿದರು. ಸಿಸೆಲ್‌ಳ ಮುಖ ಕೆಂಪೇರಿತು.

ಡೆನ್ಮಾರ್ಕಿನ ಒರ್ಹುಸ್ ನಗರದ ನರ್ಸಿಂಗ್ ಕಾಲೇಜಿನಲ್ಲಿ ಅದು ಅವರ ಅಧ್ಯಯನ ಗುಂಪಿನ ಮೊದಲ ದಿನ. ಒಬ್ಬೊಬ್ಬರೂ ಒಂದೊಂದು ಪುಟ ಗಟ್ಟಿಯಾಗಿ ಓದಬೇಕೆಂದು ಎಸ್ಕಿಲ್ ಹೇಳಿದ್ದ. ಸರದಿ ಹತ್ತಿರ ಬರುತ್ತಿದ್ದಂತೆ ಸಿಸೆಲ್ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತುಬಿಟ್ಟಿದ್ದಳು.

ಹಾಡಲ್ಲ ಕಣೋ, ಅದೇ ಪುಟ... ಎನ್ನಲು ಹೊರಟವಳು ಪುಸ್ತಕ ಮುಚ್ಚಿದಳು.

ಅಕ್ಷರಗಳು ಅವಳ ಕಣ್ಣಿಗೆ ಎಂದೂ ಮಣಿದವಲ್ಲ. ಕಾಲೇಜು ಕೊಟ್ಟ ತಂತ್ರಾಂಶ ಪುಟ ಓದಿ ಹೇಳುತ್ತಿತ್ತು, ಅವಳು ಕೇಳಿ ಕಲಿಯುತ್ತಿದ್ದಳು. ಶಾಲೆಯಲ್ಲಿ ದಡ್ಡಿ ಅನ್ನಿಸಿಕೊಂಡದ್ದೇ ಸಾಕಾಗಿತ್ತು. ಇಲ್ಲಿ ಯಾರಿಗೂ ಗೊತ್ತಾಗಬಾರದು. ಅದರಲ್ಲೂ ನೋಡಿದ ಕೂಡಲೇ ಇಷ್ಟವಾಗಿದ್ದ ಈ ಹಾಳಾದವನಿಗೆ...

ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಆಮೇಲೆ ಗುಂಪಿನ ಕಡೆ ತಲೆಹಾಕಲಿಲ್ಲ. ಕೂತಲ್ಲಿ ಕೂರಲಾಗದು, ಪಾಠ ತಲೆಗೆ ಹತ್ತದು. ಫೋನ್ ಸದ್ದಾದರೆ ಅವನದೇ ಇರಬೇಕೆಂದು ಎತ್ತಿ ನೋಡುವಳು.

ಒಂದು ಬೆಳಿಗ್ಗೆ ಟ್ರಾಮಿನಲ್ಲಿದ್ದಾಗ ಎಸ್ಕಿಲ್‌ನ ಮೆಸೇಜು ಬಂತು. ಉದ್ದನೆಯದು! ಗಡಿಬಿಡಿಯಲ್ಲಿ ಓದಿಸುವ ಗುಂಡಿ ಒತ್ತಿದಳು. ಇಯರ್‌ಫೋನ್ ಕಿವಿಯಲ್ಲೇನೋ ಇತ್ತು, ಫೋನಿಗೆ ಜೋಡಿಸಿರಲಿಲ್ಲ.

"ಸಿಸೆಲ್, ನೀನು ಹೋದಾಗಿನಿಂದ ನಿದ್ದೆಯಿಲ್ಲ. ಅಳುವ ಮುಖ. ಅಳುವ ಮುಖ. ನಿನಗೊಂದು ಮಾತು ಹೇಳಬೇಕು. ಕೆಂಪು ಹೃದಯ..."

ಅವನು ಹಾಕಿದ್ದ ಎಮೋಜಿ ಚಿತ್ರಗಳನ್ನೂ ಬಿಡದೆ, ಹವಾಮಾನ ವರದಿ ಒಪ್ಪಿಸುವವರ ಹಾಗೆ ಯಂತ್ರ ಇಡೀ ಟ್ರಾಮಿಗೆ ಓದಿತು. ಸಿಸೆಲ್ ತಟ್ಟನೆ ನಿಲ್ಲಿಸಿದಳು.

"ಮುಂದೇನಂತೆ ಮಗಳೇ?" ಎದುರಿನ ಅಜ್ಜಿಗೆ ತಡೆಯಲಾಗಲಿಲ್ಲ.

"ಮುಂದಿನದು ಇದರ ಬಾಯಲ್ಲಿ ಬೇಡ ಅಜ್ಜಿ," ಎಂದು ಇಳಿದು ಓಡಿದಳು.

ಎಸ್ಕಿಲ್ ಕ್ಯಾಂಟೀನಿನಲ್ಲಿದ್ದ.

"ಮೆಸೇಜ್ ಓದಿದ್ಯಾ?"

"ಓದೋಕಾಗಲ್ಲ ನಂಗೆ." ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. "ಅಕ್ಷರ ಕಣ್ಣಿಗೆ ನಿಲ್ಲಲ್ಲ. ಅವತ್ತು ಕಿವೀಲಿದ್ದದ್ದು ಹಾಡಲ್ಲ, ಪಾಠ. ಎಲ್ಲಾನೂ ಯಂತ್ರ ಓದಿ ಹೇಳ್ಬೇಕು."

ಅವನ ಮುಖ ಬಿಳುಚಿತು. "ಅದಕ್ಕೆ ನಾನು ಎಲ್ಲರ ಮುಂದೆ ಹಂಗಿಸಿಬಿಟ್ನಲ್ಲ... ಥೂ, ಎಂಥಾ ಕತ್ತೆ ನಾನು."

"ಕತ್ತೇನೇ. ನಿನ್ನ ಮೆಸೇಜನ್ನ ಅರ್ಧಕ್ಕೆ ನಿಲ್ಲಿಸಿದೀನಿ."

"ಯಾಕೆ?"

"ದಿನಾ ಎಲ್ಲಾನೂ ಅದೇ ದನೀಲಿ ಕೇಳ್ತೀನಿ. ಇದೊಂದು ಬೇಡ. ನೀನೇ ಹೇಳು."

ಅವನು ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದ. ಅವಳು ಆ ಕೈ ಹಿಡಿದುಕೊಂಡಳು.

"ನೋಡ್ಕೊಂಡು ಓದ್ಬೇಡ."

"ನೀನಂದ್ರೆ... ನೀನಂದ್ರೆ ನಂಗೆ... ತುಂಬಾ ಇಷ್ಟ ಕಣೇ." ಅಷ್ಟು ಹೇಳುವಷ್ಟರಲ್ಲಿ ಅವನು ಬೆವೆತುಹೋಗಿದ್ದ.

ಅವಳ ಕಣ್ಣು ತುಂಬಿತ್ತು.

"ಇನ್ನೊಂದ್ಸಲ," ಎಂದಳು. "ನಿಧಾನಕ್ಕೆ ಹೇಳು."