ಮೇಲಿನಿಂದ ಬರುವ ಕೈ

ಬಾಗಿಲು ತೆಗೆದವಳ ಕೈಗೆ ಅವನು ಒಂದು ಬುಟ್ಟಿಯನ್ನು ಇಟ್ಟುಬಿಟ್ಟ.

"ಒಂದ್ನಿಮಿಷ ಹಿಡ್ಕೊಳ್ಳಿ, ಚಪ್ಪಲಿ ಬಿಡ್ತೀನಿ."

ಕೋಕಿಲಾ ಹಿಡಿದುಕೊಂಡಳು. ಮೈಮೇಲೆ ಹಸಿರು ರೇಷ್ಮೆ ಸೀರೆ, ಎರಡು ಕೈತುಂಬ ಗಾಜಿನ ಬಳೆ, ಜಡೆಯಲ್ಲಿ ಅಲಮೇಲು ಅತ್ತೆ ಮುಡಿಸಿದ ಎರಡು ಮೊಳ ಮಲ್ಲಿಗೆ. ನಾಲ್ಕು ಗಂಟೆಗೆ ಅವಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಐದೂವರೆಯಾದರೂ ಬಂದಿರಲಿಲ್ಲ. ಅವರಿನ್ನು ಬರುವುದಿಲ್ಲ ಎಂದು ಖಾತ್ರಿಯಾದದ್ದರಿಂದಲೇ ಅವಳು ತಾನಾಗಿ ಎದ್ದು ಬಂದು ಬಾಗಿಲು ತೆಗೆದಿದ್ದಳು.

ಬುಟ್ಟಿಯೊಳಗಿಂದ ಶಿಳ್ಳೆಯಂಥ ಸದ್ದೊಂದು ಬಂತು. ಮುಚ್ಚಿದ ಬಟ್ಟೆಯ ಕೆಳಗೆ ಏನೋ ಸಣ್ಣದು ನಡುಗುತ್ತಿರುವುದು ಬೆರಳಿಗೆ ತಿಳಿಯಿತು. ಅವಳು ಬುಟ್ಟಿಯನ್ನು ಕೈಬಿಡಲಿಲ್ಲ.

ಅವನು ತಲೆ ಎತ್ತಿದ. ಸೀರೆ, ಮಲ್ಲಿಗೆ, ಹಜಾರದಲ್ಲಿ ಹಾಸಿಟ್ಟ ಜಮಖಾನ... ಎಂಥ ಹೊತ್ತಿನಲ್ಲಿ ಬಂದೆ ಎಂಬುದು ಅವನಿಗೆ ಅರ್ಥವಾಗಿ ಮಾತು ತೊದಲಿತು.

"ಮೇಷ್ಟ್ರು ಇದಾರಾ? ನಾನು ಚಕ್ರಪಾಣಿ. ಅವರ ಹಳೇ ಸ್ಟೂಡೆಂಟು."

ಅದು ಎಪ್ಪತ್ತನಾಲ್ಕರ ಏಪ್ರಿಲ್ ತಿಂಗಳ ಕೊನೆಯ ಶನಿವಾರ. ರಾಜಾಜಿನಗರದ ಆ ಮನೆಯಲ್ಲಿದ್ದವರು ಮೂವರೇ. ನಿವೃತ್ತ ಹೆಡ್‌ಮಾಸ್ಟರ್ ವೆಂಕಟಗಿರಿ, ಅವರ ಮಗಳು ಕೋಕಿಲಾ, ಮತ್ತು ತಾಯಿ ಸತ್ತಾಗ ನಾಲ್ಕು ವರ್ಷದವಳಾಗಿದ್ದ ಕೋಕಿಲಾಳನ್ನು ಎತ್ತಿ ಬೆಳೆಸಿದ ಸೋದರತ್ತೆ ಅಲಮೇಲು.

ಚಕ್ರಪಾಣಿ ನಿಂತುಕೊಂಡೇ ಬಂದ ವಿಷಯ ಹೇಳಿದ. ಅವನೀಗ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಬುಟ್ಟಿಯಲ್ಲಿರುವುದು ಕಾಲೇಜಿನ ಮೂರು ಗಿನಿಪಿಗ್‌ಗಳು. ಹುಡುಗರು ಕತ್ತು ಹಿಡಿದು ಎತ್ತಿ ಎತ್ತಿ, ಈಗ ಮನುಷ್ಯರ ಕೈ ಕಂಡರೆ ಸಾಕು, ಹುಲ್ಲಿನಡಿ ಹುದುಗುತ್ತವೆ. ಜೂನ್‌ನಲ್ಲಿ ಕಾಲೇಜು ತೆರೆಯುವಷ್ಟರಲ್ಲಿ ಕೈಗೆ ಬಾರದಿದ್ದರೆ ಇವು ಪಾಠಕ್ಕೆ ಬೇಡ, ಲಸಿಕೆಯ ಪ್ರಯೋಗಾಲಯಕ್ಕೆ ಕಳಿಸಿಬಿಡೋಣ ಎಂದು ಪ್ರೊಫೆಸರು ಹೇಳಿದ್ದಾರೆ. ಅಲ್ಲಿಗೆ ಹೋದವು ವಾಪಸು ಬರುವುದಿಲ್ಲ. ವಿಜಯನಗರದಲ್ಲಿ ಅವನ ಬಾಡಿಗೆ ಕೋಣೆಯ ಯಜಮಾನಿ ಇವನ್ನು ಹೊಸಿಲು ದಾಟಲು ಬಿಟ್ಟಿಲ್ಲ. ಮೇಷ್ಟ್ರ ಮನೆಗೆ ಹಿತ್ತಲಿದೆ. ಮೊದಲಿಂದಲೂ ಅವನಿಗೆ ಮೇಷ್ಟ್ರ ಮೇಲೆ ನಂಬಿಕೆ.

ಅತ್ತೆ ಕೇಳಿಸಿಕೊಂಡದ್ದು ಒಂದೇ ಮಾತು.

"ಪಿಗ್ಗು ಅಂದ್ರೆ ಹಂದಿ ಅಲ್ವೇನೋ? ಈ ಮನೇಲಾ?"

"ಹೆಸರಿಗೆ ಮಾತ್ರ ಅಮ್ಮ. ತಿನ್ನೋದು ಬರೀ ಸೊಪ್ಪು, ಹುಲ್ಲು. ಈರುಳ್ಳಿ ಬೆಳ್ಳುಳ್ಳಿ ಇವಕ್ಕೆ ಆಗೋದೇ ಇಲ್ಲ."

"ಈರುಳ್ಳಿ ತಿನ್ನಲ್ವಾ?" ಅತ್ತೆ ಬಟ್ಟೆ ಸರಿಸಿ ಬುಟ್ಟಿಯೊಳಗೆ ಇಣುಕಿದರು. ಆಮೇಲೆ ಈಸಿಚೇರಿನಲ್ಲಿದ್ದ ತಮ್ಮ ಅಣ್ಣನ ಕಡೆ ತಿರುಗಿದರು. "ಹೋಟ್ಲಿಗೆ ಹೋಗಿ ಈರುಳ್ಳಿ ದೋಸೆ ತಿಂದು ಬರೋ ನಿನಗಿಂತ ಇವೇ ವಾಸಿ ಬಿಡು."

ಹೀಗೆ ಗಿನಿಪಿಗ್‌ಗಳಿಗೆ ಮನೆಯಲ್ಲಿ ಜಾಗ ಸಿಕ್ಕಿತು. ಬಾರದಿದ್ದ ಗಂಡಿಗೆಂದು ಮಾಡಿದ ಕೇಸರಿಬಾತನ್ನು ಚಕ್ರಪಾಣಿ ಎರಡು ತಟ್ಟೆ ತಿಂದ. ತುಂಬ ಚೆನ್ನಾಗಿದೆ ಎಂದ. ಕೋಕಿಲಾ ಒಳಗೆ ಹೋಗಿ ಮಲ್ಲಿಗೆ ತೆಗೆದಿಟ್ಟಳು.

ಅವನು ಹೊರಡುವ ಮೊದಲು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅಪ್ಪನ ಹಳೇ ಪುಸ್ತಕದ ಪೆಟ್ಟಿಗೆಗೆ ತಂತಿಯ ಜಾಲರಿ ಹೊಡೆದು ಮೂರನ್ನೂ ಒಳಗೆ ಬಿಟ್ಟ. ಮೂರೂ ಮೂಲೆಗೆ ಓಡಿ ಒಂದರ ಕೆಳಗೊಂದು ನುಗ್ಗಿದವು.

"ಮೇಲಿನಿಂದ ಕೈ ಹಾಕ್ಬೇಡಿ," ಎಂದು ಅವನು ಹೇಳಿಕೊಟ್ಟ. "ಹದ್ದು ಬರೋದು ಮೇಲಿನಿಂದ. ಪಕ್ಕದಲ್ಲಿ ಕೂತು ಅಂಗೈ ನೆಲದ ಮೇಲಿಡಿ. ಅಂಗೈಯಲ್ಲಿ ಒಂದು ಎಸಳು ಕೊತ್ತಂಬರಿ. ಆಮೇಲೆ ಅವನ್ನ ನೋಡ್ಬೇಡಿ."

"ನೋಡ್ಲೇಬಾರದಾ?"

"ಬರೋದು ಬಿಡೋದು ತಮ್ಮಿಷ್ಟ ಅಂತ ಅವಕ್ಕೆ ಗೊತ್ತಾಗ್ಬೇಕು."

ಅವನು ಹೋದ ಮೇಲೂ ಆ ಮಾತು ಹಿತ್ತಲಿನಲ್ಲೇ ಉಳಿಯಿತು. ಈವರೆಗೆ ಐದು ಸಲ ಅವಳು ಆ ಜಮಖಾನದ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಐದು ಸಲವೂ ಕುರ್ಚಿಯ ಮೇಲಿಂದ ಕಣ್ಣುಗಳು ಇಳಿದು ಬಂದು ಅವಳ ಹಲ್ಲು, ಬಣ್ಣ, ನಡಿಗೆಯನ್ನು ತಡಕಾಡಿದ್ದವು. ನಿನ್ನಿಷ್ಟ ಏನು ಎಂದು ಯಾರೂ ಕೇಳಿರಲಿಲ್ಲ. ಕೇಳಬಹುದು ಎಂದು ಅವಳಿಗೂ ಹೊಳೆದಿರಲಿಲ್ಲ.

ಮೊದಲ ವಾರ ಒಂದೂ ಬರಲಿಲ್ಲ. ಅಂಗೈಯಲ್ಲಿ ಕೊತ್ತಂಬರಿ ಬಾಡುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಎರಡನೆಯ ವಾರ ಬಿಳಿಯದು ಕಡ್ಡಿಯೊಂದನ್ನು ಕಚ್ಚಿ ಕಿತ್ತುಕೊಂಡು ಓಡಿತು. ಅವಳು ಅದಕ್ಕೆ ಅವಲಕ್ಕಿ ಎಂದು ಹೆಸರಿಟ್ಟಳು. ಕಂದು ಬಣ್ಣದ್ದು ಹುಣಸೆ. ಅದು ಸೌತೆಕಾಯಿ ಸಿಪ್ಪೆಗೆ ಸೋತಿತು. ಮೈಯೆಲ್ಲ ಕಪ್ಪಾದದ್ದು ಕಾಡಿಗೆ. ಅದು ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. ಮೊದಮೊದಲು ಬಳೆಯ ಸದ್ದಿಗೆ ಬೆದರುತ್ತಿದ್ದವು, ಮೂರನೆಯ ವಾರದ ಹೊತ್ತಿಗೆ ಅದೇ ಸದ್ದು ಕೇಳಿದರೆ ಶಿಳ್ಳೆ ಹಾಕತೊಡಗಿದವು. ಬಳೆ ಸದ್ದಾದರೆ ಕೊತ್ತಂಬರಿ ಬರುತ್ತದೆ ಎಂಬುದನ್ನು ಕಲಿತುಬಿಟ್ಟಿದ್ದವು.

ಚಕ್ರಪಾಣಿ ಪ್ರತಿ ಶನಿವಾರ ನಾಲ್ಕು ಗಂಟೆಗೆ ದಿನಸಿ ಅಂಗಡಿಯಿಂದ ತಕ್ಕಡಿ ಇಸಕೊಂಡು ಬರುತ್ತಿದ್ದ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಅವನು ಮಾತಾಡುತ್ತಿದ್ದದ್ದೆಲ್ಲ ಗಿನಿಪಿಗ್‌ಗಳ ಜೊತೆ.

"ಏನಮ್ಮ ಅವಲಕ್ಕಿ, ಹೋದ ವಾರ ಕೊಟ್ಟ ಕಾದಂಬರಿ ಓದಿ ಆಯ್ತಾ?"

ಅವಳೂ ಅವಲಕ್ಕಿಯ ಬೆನ್ನು ನೋಡುತ್ತ ಉತ್ತರ ಕೊಡುತ್ತಿದ್ದಳು. ಓದಿ ಆಯಿತಂತೆ. ಕೊನೆಯಲ್ಲಿ ಆ ಹೆಂಗಸು ಯಾಕೆ ಒಂದು ಮಾತೂ ಆಡದೆ ಹೋದಳು ಅಂತ ಕೇಳುತ್ತಿದೆ. ಅವನು ತಕ್ಕಡಿ ಹಿಡಿದು ಬಹಳ ಹೊತ್ತು ಯೋಚಿಸುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಅವನು ಹೋದ ಮೇಲೆ ಭಾನುವಾರ ಬರುತ್ತಿತ್ತು. ಎಷ್ಟು ಉದ್ದದ ವಾರಗಳು ಅವು! ಖಾಲಿ ಸೈಟುಗಳಲ್ಲಿ ಗರಿಕೆ ಕೀಳುವಾಗ ಸೈಕಲ್ ಬೆಲ್ಲು ಕೇಳಿದರೂ ಅವಳ ಕೈ ನಿಲ್ಲುತ್ತಿತ್ತು. ಒಂದು ಶನಿವಾರ ಅವನು ಮೋಟು ಪೆನ್ಸಿಲೊಂದನ್ನು ಒಗೆಯುವ ಕಲ್ಲಿನ ಮೇಲೆ ಮರೆತು ಹೋದ. ಅವಳು ಅದನ್ನು ಹಿಂದಿರುಗಿಸಲಿಲ್ಲ. ಅದರ ತುದಿಯಲ್ಲಿ ಹಲ್ಲಿನ ಗುರುತಿತ್ತು. 'ಇವರೂ ಯಾವುದಕ್ಕೋ ಹೆದರುತ್ತಾರೆ' ಎಂದುಕೊಂಡಳು.

ಮೇ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಕಾಡಿಗೆ ಎದ್ದು ಬಂತು. ಅವಳ ಅಂಗೈಯ ಮೇಲೆ ಎರಡು ಮುಂಗಾಲನ್ನಿಟ್ಟು ನಿಂತು, ಕೊತ್ತಂಬರಿಯ ಎಸಳನ್ನು ಪೂರ್ತಿ ಮುಗಿಸಿತು. ಅವಳು ಉಸಿರಾಡಲಿಲ್ಲ. ಶನಿವಾರ ಹೇಳಬೇಕು... ಅವರಿಗೆ ಮೊದಲು ಹೇಳಬೇಕು.

ಆದರೆ ಅದೇ ಸಂಜೆ ಅವಳು ಕೆಂಗೇರಿಗೆ ಹೋಗಲೇಬೇಕಿತ್ತು. ಚಿಕ್ಕಮ್ಮನ ಮಗಳು ಸೀತಾಳ ಮಗುವಿಗೆ ಶನಿವಾರ ನಾಮಕರಣ. ಎರಡು ದಿನಕ್ಕಾಗುವಷ್ಟು ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅತ್ತೆಗೆ ನಾಲ್ಕು ಸಲ ಹೇಳಿ ಹೊರಟಳು.

ಶನಿವಾರ ನಾಮಕರಣದ ಊಟ ಮುಗಿದದ್ದೇ ತಡ, ಬಸ್ಸು ಹಿಡಿದು ಓಡೋಡಿ ಬಂದಳು. ಕೈಯಲ್ಲಿ ಅವನಿಗೆಂದು ಕಟ್ಟಿಸಿಕೊಂಡ ಲಾಡು. ಹಿತ್ತಲಿಗೆ ಬಂದಾಗ ಚಕ್ರಪಾಣಿ ಆಗಲೇ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವನು ಅವಳ ರೇಷ್ಮೆ ಸೀರೆಯನ್ನು ನೋಡಿದ, ಹೂವನ್ನು ನೋಡಿದ.

"ಮೂರರದೂ ತೂಕ ಇಳಿದಿದೆ," ಎಂದ. "ಕಾಡಿಗೆ ನಡುಗ್ತಾ ಇದೆ. ನೀರಿನ ಬಟ್ಟಲೂ ಇಲ್ಲ ಒಳಗೆ."

ಅವಳು ಸುತ್ತ ನೋಡಿದಳು. ಕಟ್ಟಿಟ್ಟ ಸೊಪ್ಪು ಒದ್ದೆ ಬಟ್ಟೆಯಲ್ಲಿ ಹಾಗೇ ಇತ್ತು. ನೀರಿನ ಬಟ್ಟಲನ್ನು ತುಳಸಿಕಟ್ಟೆಯ ಪಕ್ಕ ತೊಳೆದು ಬೋರಲು ಹಾಕಲಾಗಿತ್ತು. ಪೆಟ್ಟಿಗೆಯೊಳಗೆ ನಾಲ್ಕಾರು ಅಗಸೆ ಸೊಪ್ಪಿನ ಕಡ್ಡಿಗಳಿದ್ದವು. ಅಗಸೆ ಸೊಪ್ಪು! ಅದು ಆ ಮನೆಗೆ ಬರುವುದು ದ್ವಾದಶಿಯ ದಿನ ಉಪವಾಸ ಬಿಡುವ ಪಾರಣೆಗೆ ಮಾತ್ರ. ನಿನ್ನೆ ಏಕಾದಶಿ. ಆ ದಿನ ಅತ್ತೆ ನೀರನ್ನೂ ಮುಟ್ಟುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಈ ಶುದ್ಧ ಜೀವಗಳಿಗೂ ಅಷ್ಟು ಪುಣ್ಯ ಸಿಗಲಿ ಎಂದು ಅವರು ತಮ್ಮ ಜೊತೆಗೇ ಉಪವಾಸ ಹಿಡಿಸಿದ್ದರು. ಇವತ್ತು ಬೆಳಿಗ್ಗೆ ತಮ್ಮ ಜೊತೆಗೇ ಪಾರಣೆ ಮಾಡಿಸಿದ್ದರು.

ಅಡಿಗೆಮನೆಯ ಬಾಗಿಲಲ್ಲಿ ಅತ್ತೆಯ ಪಾದಗಳು ಕಾಣುತ್ತಿದ್ದವು. ಬರೀ ನೆಲದ ಮೇಲೆ ಸೆರಗು ತಲೆಗಿಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಹೋಗಿದ್ದರು.

"ಗುರುವಾರವೇ ಹೊರಟ್ರಂತೆ, ಮೇಷ್ಟ್ರು ಅಂದ್ರು. ನಿಮ್ಮಿಂದ ಆಗಲ್ಲ ಅಂದಿದ್ರೆ ಬೇರೆ ಕಡೆ ಇಡ್ತಿದ್ದೆ," ಚಕ್ರಪಾಣಿಯ ದನಿ ಗಡುಸಾಗಿತ್ತು. "ಮೂಕ ಪ್ರಾಣಿ, ಕೇಳೋರಿಲ್ಲ ಅಂತ ಉಪವಾಸ ಕೆಡವಿ ಹೋಗೋದಾ?"

ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆಗ ಇದೇ ಬೈಗುಳ ಇದೇ ದನಿಯಲ್ಲಿ ಅತ್ತೆಯ ಕಿವಿಗೂ ಬೀಳುತ್ತಿತ್ತು. ನಲವತ್ತು ವರ್ಷ ಹಿಡಿದ ವ್ರತ ಅವರಿಗೆ ಪಾಪವಾಗಿ ಕಾಣುತ್ತಿತ್ತು.

"ತಪ್ಪಾಯ್ತು," ಎಂದಳು ಕೋಕಿಲಾ.

ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಅವನು ನಂಬಲು ತಯಾರಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ. ಅವನು ಬುಟ್ಟಿ ಎಳೆದುಕೊಂಡು, ಜಾಲರಿ ಸರಿಸಿ, ಆತುರದಲ್ಲಿ ಮೇಲಿನಿಂದ ಕೈ ಹಾಕಿದ. ಕಾಡಿಗೆ ಕಿರುಚಿತು.

ಲಾಡಿನ ಪೊಟ್ಟಣ ಅವಳ ಕೈಯಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಅವಳು ಅಭ್ಯಾಸಬಲದಿಂದ ಎರಡು ಸಲ ಕೊತ್ತಂಬರಿ ಕೊಂಡು ತಂದಳು. ಖಾಲಿ ಪೆಟ್ಟಿಗೆಯ ಪಕ್ಕ ಬಟ್ಟೆ ಒಗೆಯುವಾಗ ಬಳೆ ಸದ್ದಾಗುತ್ತಿತ್ತು, ಯಾರೂ ಶಿಳ್ಳೆ ಹಾಕುತ್ತಿರಲಿಲ್ಲ. ಮೂರನೆಯ ದಿನ ಬಳೆಗಳನ್ನು ತೆಗೆದು ಡಬ್ಬಿಗೆ ಹಾಕಿದಳು. ಶನಿವಾರ ಬಂತು. ನಾಲ್ಕು ಗಂಟೆಯಾಯಿತು, ಐದಾಯಿತು. ಐದು ಗಂಡುಗಳು ಬೇಡವೆಂದು ಹೋದಾಗ ಅವಳು ಅತ್ತಿರಲಿಲ್ಲ. ಈಗ ಸೌದೆ ಹೊಗೆಯ ನೆಪದಲ್ಲಿ ಅತ್ತಳು. ಅವನಿಗೆ ತಾನು ಎಂಥವಳಾಗಿ ಕಂಡಿರಬೇಕು... ಬಿಟ್ಟು ಹೋಗುವವಳು. ಅವಳೋ, ಒಂದು ಮೋಟು ಪೆನ್ಸಿಲನ್ನೂ ಬಿಡಲಾರದವಳು.

ಅತ್ತೆಗೆ, ಕಾಲೇಜು ತೆರೆಯುತ್ತದೆಂದು ತೆಗೆದುಕೊಂಡು ಹೋದರು ಎಂದಷ್ಟೇ ಹೇಳಿದ್ದಳು.

ಮುಂದಿನ ಬುಧವಾರ ಕಾಲೇಜಿನ ಅಟೆಂಡರ್ ಮುನಿಯಪ್ಪ ಮನೆ ಹುಡುಕಿಕೊಂಡು ಬಂದ. ಸಾಹೇಬರು ಕಳಿಸಿಲ್ಲ, ತಾನಾಗೇ ಬಂದೆ ಎಂದ. ಪ್ರಾಣಿಗಳು ಸರಿಯಾಗಿ ತಿನ್ನುತ್ತಿಲ್ಲ, ಸಾಹೇಬರು ದಿನವಿಡೀ ಅವುಗಳ ಮುಂದೆ ಕೈ ಚಾಚಿ ಕೂತಿರುತ್ತಾರೆ, ನಾಳೆ ಹನ್ನೊಂದಕ್ಕೆ ಪ್ರೊಫೆಸರು ಬಂದು ತೀರ್ಮಾನ ಮಾಡುತ್ತಾರೆ.

"ಇಲ್ಲಿ ಏನ್ ಆಕ್ತಿದ್ರಿ ತಾಯಿ? ಎರಡ್ ದಿನ ಉಪಾಸ ಬಿದ್ದು ಎದರ್ಕಂಡವೆ ಅಂತಾರಪ್ಪ."

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಎರಡು ದಿನ ಅಂದ್ರೆ ಯಾವಾಗ?" ಎಂದು ಹೊರಗೆ ಬಂದರು. ಕೋಕಿಲಾಳ ಬರಿಗೈಯನ್ನು ನೋಡಿದರು. ಎಂಟೊಂಬತ್ತು ದಿನಗಳಿಂದ ನೋಡುತ್ತಿದ್ದ ಕೈಯೇ. "ಏಕಾದಶಿ ದಿನಾನೇನೇ? ಉಪವಾಸ ಮಾಡ್ಸಿದ್ದು ನಾನು ಕಣೇ. ಬೈಸ್ಕೊಂಡಿದ್ದು ನೀನಾ?"

ಅತ್ತೆ ಒಳಗೆ ಹೋಗಿ ಬಳೆಯ ಡಬ್ಬಿ ತಂದು ಅವಳ ಮಡಿಲಿಗೆ ಹಾಕಿದರು. ನಾಳೆ ಎಷ್ಟು ಗಂಟೆಗೆ ಬಸ್ಸು ಎಂದು ಕೇಳಿದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಕಾಲೇಜಿನ ಹಿಂದಿನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಫಿನೈಲು ಮತ್ತು ಒಣಹುಲ್ಲಿನ ವಾಸನೆ. ಚಕ್ರಪಾಣಿ ಗೋಡೆ ಕಡೆ ಮುಖ ಮಾಡಿ, ತೆರೆದ ಅಂಗೈಯನ್ನು ಗೂಡಿನೊಳಗಿಟ್ಟು ಕೂತಿದ್ದ. ಗಡ್ಡ ಬಂದಿತ್ತು. ಅಂಗೈಯ ಕೊತ್ತಂಬರಿ ಬಾಡಿತ್ತು.

ಕಚ್ಚೆ ಸೀರೆಯ ಅಲಮೇಲು ಅತ್ತೆ ಕೆಮ್ಮಿದರು.

"ನೋಡಪ್ಪ, ಉಪವಾಸ ಕೆಡವಿದ್ದು ಇವಳಲ್ಲ, ನಾನು. ಏಕಾದಶಿ ಅಂತ. ಪುಣ್ಯ ಬರ್ಲಿ ಅಂತ. ನೀನು ಈರುಳ್ಳಿ ತಿನ್ನಲ್ಲ ಅಂದೆ, ಏಕಾದಶಿ ಮಾಡಲ್ಲ ಅಂತ ಹೇಳ್ಲಿಲ್ಲ." ಅಷ್ಟು ಹೇಳಿ ಅವರು ಮುನಿಯಪ್ಪ ತಂದಿಟ್ಟ ಸ್ಟೂಲಿನ ಮೇಲೆ ಹೊರಗೆ ಹೋಗಿ ಕೂತುಬಿಟ್ಟರು.

ಚಕ್ರಪಾಣಿ ಎದ್ದು ನಿಂತ.

"ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳ್ಲಿಲ್ಲ," ಎಂದಳು ಕೋಕಿಲಾ. ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು. "ಮೇಲಿನಿಂದ ಕೈ ಹಾಕಿದ್ರಿ."

ಅವನು ತಲೆ ತಗ್ಗಿಸಿದ.

ಅವಳು ನೆಲದ ಮೇಲೆ ಕೂತು ಸೆರಗಿನಿಂದ ತಾಜಾ ಕೊತ್ತಂಬರಿ ತೆಗೆದಳು. ಗೂಡಿನ ಬಾಗಿಲಲ್ಲಿ ಅಂಗೈ ಇಟ್ಟಳು. ಬಳೆಗಳು ಒಂದಕ್ಕೊಂದು ತಾಗಿದವು. ಹುಲ್ಲಿನೊಳಗಿಂದ ಒಂದು ಸಣ್ಣ ಶಿಳ್ಳೆ, ಅದರ ಹಿಂದೆ ಇನ್ನೊಂದು. ಅವಲಕ್ಕಿ ಬಂತು. ಹುಣಸೆ ಅದನ್ನು ತಳ್ಳಿಕೊಂಡು ಬಂತು. ಕಾಡಿಗೆ ಬರಲಿಲ್ಲ.

"ನಿಮ್ಮ ಕೈಯನ್ನೂ ಇಡಿ," ಎಂದಳು. "ಪಕ್ಕದಲ್ಲಿ. ನೋಡ್ಬೇಡಿ."

ಎರಡು ಅಂಗೈಗಳು ಅಂಚು ತಾಗಿಸಿ ಹುಲ್ಲಿನ ಮೇಲಿದ್ದವು. ಇಬ್ಬರೂ ಎದುರಿನ ಸುಣ್ಣದ ಗೋಡೆಯನ್ನು ನೋಡುತ್ತಿದ್ದರು.

"ಇವನ್ನ ಹದಿನೈದು ದಿನಕ್ಕೊಂದ್ಸಲ ತೂಗಿದ್ರೆ ಸಾಕಿತ್ತು," ಎಂದ ಅವನು ಗೋಡೆಗೆ.

"ಮತ್ತೆ ವಾರವಾರ ಬರ್ತಿದ್ರಲ್ಲ?"

"ಪೆನ್ಸಿಲನ್ನೂ ಬೇಕಂತಲೇ ಬಿಟ್ಟಿದ್ದು. ಕೇಳೋಕೆ ಇನ್ನೊಂದ್ಸಲ ಬರಬಹುದು ಅಂತ. ಧೈರ್ಯ ಆಗ್ಲಿಲ್ಲ."

ಅವಳು ಕೊತ್ತಂಬರಿಯ ಎಸಳೊಂದನ್ನು ಅವನ ಅಂಗೈಗೆ ಸರಿಸಿದಳು, ಬಳೆ ಸದ್ದಾಯಿತು. ಆಗ ಕಾಡಿಗೆ ಬಂತು. ಅವಳ ಅಂಗೈ ಹತ್ತಿ, ಮೂಸಿ, ಒಂದು ಕ್ಷಣ ನಿಂತು, ಆಮೇಲೆ ಒಂದೊಂದೇ ಕಾಲಿಡುತ್ತ ಅವನ ಅಂಗೈಗೆ ದಾಟಿತು.

ಹನ್ನೊಂದಕ್ಕೆ ಬಂದ ಪ್ರೊಫೆಸರು ಕಂಡದ್ದು ಡೆಮಾನ್‌ಸ್ಟ್ರೇಟರನ ತೊಡೆಯ ಮೇಲೆ ಕೊತ್ತಂಬರಿ ಮೆಲ್ಲುತ್ತಿದ್ದ ಕರಿ ಗಿನಿಪಿಗ್ಗನ್ನು. ಇವು ಇಲ್ಲೇ ಇರಲಿ ಎಂದರು. ಇನ್ನು ಮೇಲೆ ಹುಡುಗರಿಗೆ ಮೊದಲ ಪಾಠ ಕೈ ಇಡುವುದು ಹೇಗೆ ಎಂಬುದೇ ಆಗಲಿ ಎಂದು ಹೇಳಿ ಹೋದರು.

ಬಸ್ ಸ್ಟಾಪಿನವರೆಗೂ ಚಕ್ರಪಾಣಿ ಜೊತೆಗೆ ಬಂದ. ಅತ್ತೆ ಬೇಕೆಂದೇ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದರು.

"ಅವತ್ತು ಬೇರೆ ಯಾರಿಗೋ ಮಾಡಿದ್ದ ಕೇಸರಿಬಾತು ತಿಂದೆ," ಎಂದ ಅವನು. "ಈ ಸಲ ಅಮ್ಮನ್ನ ಕರ್ಕೊಂಡು ಬರ್ತೀನಿ, ಬುಟ್ಟಿ ಇಲ್ದೆ. ಬನ್ನಿ ಅನ್ನೋದು, ಬೇಡ ಅನ್ನೋದು ನಿಮ್ಮಿಷ್ಟ. ನಾನು ನಿಮ್ಮನ್ನ ನೋಡ್ತಾ ಇಲ್ಲ, ನಿಧಾನವಾಗಿ ಹೇಳಿ."

ಅವನು ನಿಜವಾಗಿಯೂ ಅತ್ತ ತಿರುಗಿ, ರಸ್ತೆಯಾಚೆಯ ಸೈಕಲ್ ಅಂಗಡಿಯನ್ನು ನೋಡುತ್ತ ನಿಂತಿದ್ದ. ಅವನ ಕಿವಿ ಕೆಂಪಗಾಗಿತ್ತು.

ಬಸ್ಸು ಬಂತು. ಅತ್ತೆ ಹತ್ತಿದರು. ಕೋಕಿಲಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು ತಿರುಗಿದಳು.

"ಬನ್ನಿ," ಎಂದಳು. "ಏಕಾದಶಿ ದಿನ ಒಂದು ಬಿಟ್ಟು ಬನ್ನಿ."