ಮಾಡದೇ ಹೋದ ಫೋನು

ಬುಧವಾರ ನಾಲ್ಕು ಗಂಟೆಗೆ ಲೈಬ್ರರಿಯ ಬಾಗಿಲು ಕಿರ್ ಎಂದರೆ ನಾನು ತಲೆ ಎತ್ತುತ್ತಿರಲಿಲ್ಲ. ಬಂದವರು ಯಾರೆಂದು ಚಪ್ಪಲಿಯ ಸದ್ದೇ ಹೇಳುತ್ತಿತ್ತು. ಮೂವತ್ತೆಂಟರ ವಯಸ್ಸಿನಲ್ಲಿ ತಲೆ ಎತ್ತದೆ ಕೂರುವುದಕ್ಕೂ ಅಭ್ಯಾಸ ಬೇಕು.

ಅವರು ಕೆಮಿಸ್ಟ್ರಿ ಲ್ಯಾಬಿನ ಸಹಾಯಕರು. ಹುಡುಗರು ಒಡೆದ ಗಾಜನ್ನು ಬೈಯದೆ ಗುಡಿಸುತ್ತಾರೆಂದು ಎಲ್ಲರಿಗೂ ‘ಗ್ಲಾಸ್ ಮಾಮ’. ನಾನು ಪುಸ್ತಕ ಕೊಡುವ ಕೌಂಟರಿನವಳು. ಹೊಸ ಮಕ್ಕಳು ಮೊದಲ ವರ್ಷವೇ ಕಾಲೇಜು ಬಿಟ್ಟು ಹೋಗುತ್ತಾರೆಂದು ಪ್ರಿನ್ಸಿಪಾಲರು ಆ ವರ್ಷ ನಮಗೆಲ್ಲ ತಲಾ ಹದಿನೈದು ಮಕ್ಕಳ ಪಟ್ಟಿ ಹಂಚಿದ್ದರು. ವಾರಕ್ಕೊಮ್ಮೆ ಒಬ್ಬೊಬ್ಬರಿಗೂ ಫೋನ್ ಮಾಡಿ ಊಟ, ಪಾಠ, ರೂಮು ಹೇಗಿದೆ ಎಂದು ಕೇಳಿ ಟಿಕ್ ಹಾಕಬೇಕು.

ಲ್ಯಾಬಿನಲ್ಲಿ ಸಿಗ್ನಲ್ ಇಲ್ಲವೆಂಬ ನೆಪ ಹೇಳಿ ಅವರು ನನ್ನ ಎದುರಿನ ಮೇಜಿಗೆ ಬಂದು ಕೂರುತ್ತಿದ್ದರು. ನಡುನಡುವೆ ಫೋನಿಗೆ ಕೈ ಅಡ್ಡ ಹಿಡಿದು, ಹುಬ್ಬು ಹಾರಿಸಿ, ಇವನಿಗೆ ಅಮ್ಮನ ನೆನಪಂತೆ ಎಂದು ಪಿಸುಗುಡುವರು. ಆ ಪಿಸುಮಾತು ಎಲ್ಲಿ ತಪ್ಪಿಹೋಗುತ್ತದೋ ಎಂದು ನಾನು ನನ್ನ ಫೋನನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲ ವಾರ ಇಬ್ಬರಿಗೆ ಮಾಡಿದ್ದೆ. ಆಮೇಲೆ ಬರೀ ಟಿಕ್, ಪಕ್ಕದಲ್ಲಿ ‘ಚೆನ್ನಾಗಿದ್ದಾಳೆ’, ‘ಚೆನ್ನಾಗಿದ್ದಾನೆ’. ನಿಮ್ಮ ಮಕ್ಕಳು ಪುಣ್ಯವಂತರು, ಒಬ್ಬರಿಗೂ ತೊಂದರೆಯಿಲ್ಲ ಎಂದು ಅವರು ಹೊಗಳಿದಾಗ ನನ್ನ ಮುಖ ಕೆಂಪಾಗುತ್ತಿತ್ತು. ಅವರು ಅದನ್ನು ಬೇರೆ ನಾಚಿಕೆ ಎಂದುಕೊಳ್ಳುತ್ತಿದ್ದರು.

ಏಳನೆಯ ಬುಧವಾರ ಎರಡು ಜಡೆಯ ಹುಡುಗಿಯೊಬ್ಬಳು ನಾಲ್ಕು ಪುಸ್ತಕ, ಒಂದು ನೋ ಡ್ಯೂ ಫಾರ್ಮ್ ತಂದು ಕೌಂಟರಿನ ಮೇಲಿಟ್ಟಳು. ನನ್ನ ಸಹಿಯೊಂದಾದರೆ ಟಿ.ಸಿ. ಸಿಗುತ್ತದೆ, ನಾಳೆ ಬೆಳಗಿನ ಬಸ್ಸಿಗೆ ಮನೆ ಎಂದಳು. ಉಳಿದವರಿಗೆಲ್ಲ ಅರ್ಥವಾಗುವ ಪಾಠ ತನ್ನೊಬ್ಬಳ ತಲೆಗೆ ಹತ್ತುತ್ತಿಲ್ಲವಂತೆ, ಊಟಕ್ಕೂ ಒಬ್ಬಳೇ ಕೂರುತ್ತಾಳಂತೆ. ಫಾರ್ಮಿನ ಮೇಲಿನ ಹೆಸರು ಓದಿದೆ. ನನ್ನ ಪಟ್ಟಿಯ ಒಂಬತ್ತನೆಯವಳು.

“ವಾರಾ ವಾರಾ ನೀವು ಫೋನ್ ಮಾಡ್ತೀರಿ ಅಂದಿದ್ರು ಮೇಡಂ. ಕಾಯ್ತಿದ್ದೆ. ನಾನೇ ನಂಬರ್ ತಪ್ಪು ಬರ್ಕೊಟ್ಟೆ ಅನ್ಸತ್ತೆ.”

ಗ್ಲಾಸ್ ಮಾಮ ಎದ್ದು ಬಂದರು. ಹೌದು, ನಂಬರೇ ತಪ್ಪಿರಬೇಕು, ಇಲ್ಲದಿದ್ದರೆ ಮೇಡಂ ಬಿಡುವವರಲ್ಲ ಎಂದು ಸಮಾಧಾನ ಹೇಳತೊಡಗಿದರು. ನಾನು ಸುಮ್ಮನಿದ್ದರೆ ಸಾಕಿತ್ತು. ಅವರ ಕಣ್ಣಲ್ಲಿ ಮೊದಲಿನ ಹಾಗೇ ಉಳಿಯುತ್ತಿದ್ದೆ. ಹುಡುಗಿ ತಪ್ಪು ತನ್ನದೆಂದುಕೊಂಡು ಬಸ್ಸು ಹತ್ತುತ್ತಿದ್ದಳು.

“ನಂಬರ್ ಸರಿಯಾಗೇ ಇದೆ ಪುಟ್ಟಾ. ನಾನು ಮಾಡ್ಲೇ ಇಲ್ಲ. ಈ ಟಿಕ್ಕೆಲ್ಲ ಸುಳ್ಳು.”

ಗ್ಲಾಸ್ ಮಾಮ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೌಂಟರಿನ ಮೇಲಿದ್ದ ನನ್ನ ಪಟ್ಟಿ ಎತ್ತಿಕೊಂಡು ಒಂದೊಂದೇ ‘ಚೆನ್ನಾಗಿದ್ದಾಳೆ’ ಓದಿ, ಮಡಿಸಿ ಕೆಳಗಿಟ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿ, ತಮ್ಮ ಪಟ್ಟಿಯಲ್ಲೇ ಪಾಠ ಹತ್ತದವರು ಆರು ಜನ, ಆರೂ ಜನ ತಾನೊಬ್ಬನೇ ದಡ್ಡ ಎಂದುಕೊಂಡಿದ್ದಾರೆ, ನಾಳೆ ಅವರ ಜೊತೆ ಊಟಕ್ಕೆ ಕೂರು ಎಂದರು. ನಾನು ಫಾರ್ಮನ್ನು ಸಹಿ ಹಾಕದೆ ಅವಳ ಕೈಗೇ ಕೊಟ್ಟೆ. ಶನಿವಾರದವರೆಗೆ ನೋಡು, ಆಮೇಲೂ ಹೋಗಬೇಕೆನಿಸಿದರೆ ತಾ, ತಡಮಾಡದೆ ಸಹಿ ಹಾಕುತ್ತೇನೆ ಎಂದೆ. ಅವಳು ಯೋಚಿಸಿ ಒಂದೇ ಒಂದು ಪುಸ್ತಕವನ್ನು ವಾಪಸ್ ಎತ್ತಿಕೊಂಡು ಹೋದಳು.

“ಯಾಕೆ ಮಾಡ್ಲಿಲ್ಲ?” ಅವರು ಕೇಳಿದರು.

“ನಿಮ್ಮ ಮಾತು ಕೇಳ್ಕೊಂಡು ಕೂತಿರ್ತಿದ್ದೆ.”

ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನು ಕೊನೆಗೆ ಹೀಗೆ ಹೇಳಬೇಕಾಯಿತು, ಕಳ್ಳಿ ಸಿಕ್ಕಿಬಿದ್ದು ಒಪ್ಪಿಕೊಂಡ ಹಾಗೆ.

ಅವರು ಮಡಿಸಿಟ್ಟ ಪಟ್ಟಿಯನ್ನು ನನ್ನ ಕಡೆ ಸರಿಸಿದರು. “ನಾನೂ ಒಂದು ಹೇಳೋದಿತ್ತು.”

“ಇವತ್ತು ಬೇಡ. ಕೇಳೋಕೆ ಮುಖ ಇಲ್ಲ ನಂಗೆ. ಇನ್ನೂ ಹದಿನಾಲ್ಕು ಜನ ಇದ್ದಾರೆ.”

ಅವರು ಪತ್ರಿಕೆಗಳ ಕೋಣೆಗೆ ಹೋದರು, ತಮ್ಮ ದನಿ ನನಗೆ ಕೇಳದಷ್ಟು ದೂರ. ನಾನು ಮೊದಲನೆಯ ನಂಬರ್ ಒತ್ತಿದೆ.

ಲೈಬ್ರರಿ ಮುಚ್ಚುವಾಗ ಅವರು ಬಾಗಿಲಲ್ಲಿ ನಿಂತಿದ್ದರು. ಒಂಬತ್ತು ಜನ ಸಿಕ್ಕಿದರು, ಇಬ್ಬರು ಅತ್ತರು, ಒಬ್ಬ ನನ್ನನ್ನು ಸಾಲದ ಕಂಪನಿಯವಳೆಂದು ಬೈದ ಎಂದು ವರದಿ ಒಪ್ಪಿಸಿದೆ. ಅವರು ನಗಲಿಲ್ಲ, ಆದರೆ ಹುಬ್ಬು ಅಲುಗಿತು.

“ನಾಳೆ ಹೇಳ್ಲಾ ಹಾಗಾದ್ರೆ?”

“ಶನಿವಾರ ಹೇಳಿ. ಅವಳು ಇರ್ತಾಳೋ ಹೋಗ್ತಾಳೋ ತಿಳೀಲಿ.”

“ಅವಳು ಹೋದ್ರೂ ಹೇಳ್ತೀನಿ,” ಎಂದರು. “ಹೋದ್ರೆ ನಿಮಗದು ಜಾಸ್ತಿ ಬೇಕಾಗತ್ತೆ.”

ನಾನು ಬೀಗ ಹಾಕುವ ನೆಪದಲ್ಲಿ ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡೆ.