ಕಾಪುವಿನ ಬಿರಿದ ಬಾನೆಟ್

ಸರಸ ಉಡುಪಿಯ ನಮ್ಮ ಮನೆಗೆ ಬಂದಾಗ ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು.

"ಬಾಯಮ್ಮ, ನನ್ನ ಗಂಡ ಟ್ರ್ಯಾಕ್ಟರ್ ಒಡೆದಿಲ್ಲ. ಆದರೆ ಜೋಕಿಮ್ ಧನಿ ಕಾಪು ಪೇಟೆಯಲ್ಲಿ ಎಲ್ಲರ ಎದುರು 'ಧರ್ಮಪಾಲ ಸಿಟ್ಟಿನಲ್ಲಿ ಸುತ್ತಿಗೆಯಿಂದ ಹೊಡೆದ' ಅಂತ ಹೇಳಿ ಕೆಲಸ ಬಿಡಿಸಿದರು. ಇನ್ನು ನನ್ನ ಗಂಡನಿಗೆ ಓಡಿಸಲಿಕ್ಕೆ ಯಾರು ಗಾಡಿ ಕೊಡ್ತಾರೆ?"

ಝೀಟಾ ಬಾಯಿ ನಿವೃತ್ತ ವಿಜ್ಞಾನ ಟೀಚರ್. ಊರವರ ಬಿಡಿಸಲಾಗದ ಗಂಟುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಮಲ್ಪೆಯ ಮೀನು ಬಂದರಿನಲ್ಲಿ ಬೆಳೆದ ನಾನು, ಸುಂದರಿ, ಅವರ ಜೊತೆಗಿದ್ದೆ. ಆ ಮನೆಯಲ್ಲಿ ಅಡುಗೆಯೂ ನನ್ನದೇ, ಜಗಳವೂ ನನ್ನದೇ. ಅದು ಎಂಬತ್ತಾರನೇ ಇಸವಿ. ಮರುದಿನ ಬೆಳಿಗ್ಗೆಯೇ ಕಾಪುವಿನ ಬಸ್ಸು ಹತ್ತಿದೆವು.

ಜೋಕಿಮ್ ಅಂಗಳದಲ್ಲಿ ಸಣ್ಣ ಟ್ರ್ಯಾಕ್ಟರನ್ನು ತೋರಿಸಿದರು. ಅದರ ಬಾನೆಟ್, ಮಡ್‌ಗಾರ್ಡ್ ಎರಡೂ ಪ್ಲಾಸ್ಟಿಕ್ಕಿನವು.

"ತಗಡಾದರೆ ಉಪ್ಪುಗಾಳಿಗೆ ತುಕ್ಕು ತಿನ್ನುತ್ತದೆ ಬಾಯಿ. ಇದು ಬಾಳುತ್ತದೆ ಅಂತ ತಂದದ್ದು. ರಜೆ ಕೊಡಲಿಲ್ಲ ಅಂತ ಧರ್ಮಪಾಲ ಸಂಜೆ ಮುಖ ಊದಿಸಿಕೊಂಡು ಹೋದ. ಬೆಳಿಗ್ಗೆ ನೋಡಿದರೆ ಹೀಗೆ ಉಂಟು!"

ಬಾಯಿ ಬಗ್ಗಿ ನೋಡಿದರು. ಬಿರುಕುಗಳೆಲ್ಲ ಬೋಲ್ಟುಗಳ ಸುತ್ತ ಹುಟ್ಟಿದ್ದವು. ಎಲ್ಲಿಯೂ ಪೆಟ್ಟಿನ ಗುರುತಿಲ್ಲ. ಮಡ್‌ಗಾರ್ಡಿಗೆ ಏನೂ ಆಗಿರಲಿಲ್ಲ. ಬಾನೆಟ್ಟಿಗೆ ಮಾತ್ರ ಧೂಳು ಅಂಟಿಕೊಂಡಿತ್ತು, ಮನೆಯ ಬೆಕ್ಕು ಅದರ ಅಂಚನ್ನು ನೆಕ್ಕುತ್ತಿತ್ತು.

"ಸುಂದರೀ, ಎಂತ ವಾಸನೆ ಇದು?"

"ಎಂತ ವಾಸನೆಯೂ ಇಲ್ಲ."

"ಮಲ್ಪೆಯವಳಿಗೆ ಬರಲಿಕ್ಕಿಲ್ಲ ಬಿಡು," ಎಂದರು. ನನಗೆ ಮೈಯೆಲ್ಲ ಉರಿಯಿತು.

ತೋಟ ಕಾಯುವ ಮುದುಕ ಬೂಬ ಬೇಲಿಯಾಚೆ ತನ್ನ ಹಳೆಯ ದೋಣಿಗೆ ಎಣ್ಣೆ ಸವರುತ್ತಿದ್ದ. ಬಾಯಿ ಅವನಿಂದ ತೆಂಗಿನ ಗೆರಟೆಯಲ್ಲಿ ಒಂದಿಷ್ಟು ಎಣ್ಣೆ ಪಡೆದರು. ಮುರಿದ ಬಾನೆಟ್ಟಿನ ಎರಡು ಚೂರುಗಳನ್ನು ಚೆನ್ನಾಗಿ ಒರೆಸಿ, ಬಗ್ಗಿಸಿ ದಾರದಿಂದ ಕಟ್ಟಿ, ಒಂದಕ್ಕೆ ಮಾತ್ರ ಆ ಎಣ್ಣೆ ಹಚ್ಚಿಟ್ಟರು.

ಊಟವಾದ ಮೇಲೆ ಎಲ್ಲರನ್ನೂ ಕರೆದರು. ಧರ್ಮಪಾಲ ಸರಸಳೊಂದಿಗೆ ಗೇಟಿನ ಹತ್ತಿರವೇ ನಿಂತ. ಎಣ್ಣೆ ಹಚ್ಚಿದ ಚೂರು ಬಿರಿದಿತ್ತು. ಇನ್ನೊಂದು ಹಾಗೆಯೇ ಇತ್ತು.

"ಸುತ್ತಿಗೆಯ ಪೆಟ್ಟು ಬೋಲ್ಟುಗಳನ್ನೇ ಹುಡುಕಿಕೊಂಡು ಹೋಗುವುದಿಲ್ಲ ಜೋಕಿಮ್. ಬಿಸಿಲಿನದೇ ತಪ್ಪಾದರೆ ಮಡ್‌ಗಾರ್ಡೂ ಬಿರಿಯಬೇಕಿತ್ತು. ಬೆಕ್ಕು ನೆಕ್ಕಿದ್ದು ಮೀನೆಣ್ಣೆಯನ್ನು. ಬೂಬ, ಅದಕ್ಕೆ ಎಂತ ಬೆರೆಸಿದ್ದಿ?"

"ಪೇಂಟಿನ ಥಿನ್ನರ್, ಬಾಯಮ್ಮ. ಬೇಗ ಒಣಗಲಿ ಅಂತ. ಮಡ್‌ಗಾರ್ಡಿಗೆ ಹಚ್ಚಲಿಲ್ಲ, ಹತ್ತುವವರ ಬಟ್ಟೆಗೆ ತಾಗುತ್ತದಲ್ವಾ?"

"ಮರ ಎಣ್ಣೆ ಕುಡಿದು ಗಟ್ಟಿಯಾಗುತ್ತದೆ. ಬೋಲ್ಟು ಬಿಗಿದಲ್ಲಿ ಈ ಪ್ಲಾಸ್ಟಿಕ್ ಮೊದಲೇ ಎಳೆತದಲ್ಲಿರುತ್ತದೆ; ಥಿನ್ನರ್ ತಾಗಿದರೆ ಅಲ್ಲಿಂದಲೇ ಸೀಳುತ್ತದೆ."

ಬೂಬ ಬಿರಿದ ಚೂರನ್ನು ಕೈಗೆತ್ತಿಕೊಂಡ. "ದೋಣಿಯ ಹಾಗೆ ಬಾಳಲಿ ಅಂತ ಹಚ್ಚಿದೆ ಧನಿ. ಆ ಸಂಜೆ ನೀವೆಲ್ಲ ಚರ್ಚಿಗೆ ಹೋಗಿದ್ದಿರಿ. ಒಡೆದದ್ದು ನಾನು ಅಂತ ಗೊತ್ತಿದ್ದರೆ ಇವನನ್ನು ಹೋಗಲಿಕ್ಕೆ ಬಿಡುತ್ತಿದ್ದೆನಾ?"

ಪಾಪ, ಅವನ ಮುಖ ನೋಡಲಾಗಲಿಲ್ಲ ನನಗೆ.

ಜೋಕಿಮ್ ತಲೆ ತಗ್ಗಿಸಿದರು. "ತಪ್ಪಾಯಿತು ಮಾರಾಯ. ನಾಳೆಯಿಂದ ಬಾ."

ಧರ್ಮಪಾಲ ಮೊದಲು ಬೂಬನ ಭುಜ ಸವರಿದ. ಆಮೇಲೆ, "ಬೈದದ್ದು ಪೇಟೆಯಲ್ಲಿ ಧನಿ. ತಪ್ಪಾಯಿತು ಅನ್ನುವುದು ಅಂಗಳದಲ್ಲಾ?" ಎಂದು ಕೇಳಿ ಸರಸಳೊಂದಿಗೆ ಹೊರಟುಹೋದ.

ಜೋಕಿಮ್ ಕೆಟ್ಟವರಲ್ಲ, ಬಿಗುಮಾನದವರು. ಆ ಬಿಗುಮಾನ ಇಳಿಯಲು ಒಂದು ವಾರ ಹಿಡಿಯಿತು. ಕೊನೆಗೆ ಪೇಟೆಯಲ್ಲಿ ನಿಂತು, ತಪ್ಪು ತನ್ನದೇ ಎಂದು ಎಲ್ಲರ ಎದುರು ಹೇಳಿದರಂತೆ. ಎಲ್ಲರೂ ಕೇಳಿದರು. ಕೇಳಬೇಕಾದವನು ಮಾತ್ರ ಅಷ್ಟರಲ್ಲಿ ಹೆಂಡತಿಯನ್ನು ತವರಿನಲ್ಲಿ ಬಿಟ್ಟು, ಯಾರದೋ ಲಾರಿ ಹತ್ತಿ ಬೊಂಬಾಯಿಗೆ ಹೋಗಿಯಾಗಿತ್ತು.